ಯುವಿ ಟಾರ್ಚ್ ಹಾಕಿದರೆ ಎಲ್ಲ ಕಲ್ಲೂ ನೇರಳೆ ಕಾಣುತ್ತಿದೆ, ಏನು ತಪ್ಪು?

ಹೊಸಬ

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದಲೂ ಕಂಡ ಕಂಡ ಕಲ್ಲು ಆರಿಸಿ ತರುವ ಚಟ ನನಗೆ. ಮೂರು ಡಬ್ಬ ತುಂಬಿವೆ. ಕತ್ತಲಲ್ಲಿ ಕೆಂಡದ ಹಾಗೆ ಹೊಳೆಯುವ ಖನಿಜಗಳ ಫೋಟೊ ನೋಡಿದ ಮೇಲೆ ತಲೆಯಲ್ಲಿ ಅದೇ ಗುಂಗು. ಒಂದು ಯುವಿ ಟಾರ್ಚ್ ತರಿಸಿದೆ. ಮೇಲೆ 395 ನ್ಯಾನೋಮೀಟರ್ ಎಂದು ಬರೆದಿದೆ. ರಾತ್ರಿ ದೀಪ ಆರಿಸಿ ಮೂರೂ ಡಬ್ಬ ನೆಲಕ್ಕೆ ಸುರಿದು ನೋಡಿದೆ. ಎಲ್ಲವೂ ನೇರಳೆ! ಬಿಳಿ ಕಲ್ಲು ತಿಳಿ ನೇರಳೆ, ಕರಿ ಕಲ್ಲು ಕಡು ನೇರಳೆ. ನಿಜವಾಗಿ ಹೊಳೆದಿದ್ದು ನಾನು ಹಾಕಿಕೊಂಡಿದ್ದ ಬನಿಯನ್ ಒಂದೇ.

ಒಂದು ದೊಡ್ಡ ಕ್ಯಾಲ್ಸೈಟ್ ಹರಳೂ ಇದೆ. ಕ್ಯಾಲ್ಸೈಟ್ ಕೆಂಪಗೆ ಹೊಳೆಯುತ್ತದೆ ಎಂದು ಓದಿದ್ದೆ. ಅದೂ ಸುಮ್ನೆ ಕೂತಿದೆ. ಟಾರ್ಚ್ ಮೋಸವೋ, ಕಲ್ಲು ಮೋಸವೋ?

ಸುತ್ತಿಗೆ

ಎರಡೂ ಅಲ್ಲ. ಬನಿಯನ್ ಹೊಳೆಯಿತಲ್ಲ, ಟಾರ್ಚ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಜಾಸ್ತಿ ಕಾಣಲಿ ಎಂದು ಒಂದು ರಾಸಾಯನಿಕ ಹಾಕಿರುತ್ತಾರೆ. ಅದು ಯುವಿ ಬೆಳಕನ್ನು ನುಂಗಿ ನೀಲಿ ಬೆಳಕು ಬಿಡುತ್ತದೆ. ಖನಿಜಗಳು ಮಾಡುವುದೂ ಇದನ್ನೇ. ಕಣ್ಣಿಗೆ ಕಾಣದ ಬೆಳಕನ್ನು ಹೀರುತ್ತವೆ. ಅದರ ಒಂದಿಷ್ಟು ಶಕ್ತಿ ಕಲ್ಲಿನೊಳಗೇ ಬಿಸಿಯಾಗಿ ಕಳೆದುಹೋಗುತ್ತದೆ. ಉಳಿದದ್ದು ಕಾಣುವ ಬಣ್ಣವಾಗಿ ಹೊರಗೆ ಬರುತ್ತದೆ. ಇದನ್ನು 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ವಿವರಿಸಿದರು. ಫ್ಲೋರೈಟ್ ಖನಿಜದ ಹೆಸರಿನಿಂದಲೇ ಫ್ಲೋರೆಸೆನ್ಸ್ ಎಂಬ ಪದ ಕಟ್ಟಿದವರೂ ಅವರೇ. ನಾವು ಪ್ರತಿದೀಪ್ತಿ ಅನ್ನುತ್ತೇವೆ.

ನಿಮ್ಮ ತೊಂದರೆ 395 ಎಂಬ ಅಂಕಿಯಲ್ಲಿದೆ. ಅದು ಬೆಳಕಿನ ಅಲೆಯ ಉದ್ದ. ನಮ್ಮ ಕಣ್ಣಿಗೆ ನೇರಳೆ ಬಣ್ಣ ಶುರುವಾಗುವುದೇ ಸುಮಾರು ಅಲ್ಲಿಂದ. ಹಾಗಾಗಿ ಆ ಟಾರ್ಚಿನಿಂದ ಕಾಣುವ ನೇರಳೆ ಬೆಳಕೇ ರಾಶಿ ರಾಶಿ ಬರುತ್ತದೆ. ಕಲ್ಲಿನಿಂದ ಬರುವ ಹೊಳಪು ಅದರ ಮುಂದೆ ತಮಟೆ ಸದ್ದಿನಲ್ಲಿ ಪಿಸುಮಾತು ಆಡಿದ ಹಾಗೆ. 365 ನ್ಯಾನೋಮೀಟರ್‌ನ ಟಾರ್ಚ್ ತೆಗೆದುಕೊಳ್ಳಿ. ಅದರ ಬಾಯಿಗೆ ಕಪ್ಪು ಗಾಜಿನ ಫಿಲ್ಟರ್ ಇದೆಯೇ ಎಂದು ಮೊದಲು ನೋಡಿ.

ಹೊಸಬ

ಧನ್ಯವಾದ ಸುತ್ತಿಗೆ ಸರ್. 365 ಆದ ಮೇಲೂ ಫಿಲ್ಟರ್ ಯಾಕೆ? ಕಪ್ಪು ಗಾಜು ಹಾಕಿದರೆ ಬೆಳಕು ಕಡಿಮೆ ಆಗುವುದಿಲ್ಲವೇ?

ಸುತ್ತಿಗೆ

ಸರ್ ಅಲ್ಲ ಮಾರಾಯರೇ, ಮೇಡಂ. ಸುತ್ತಿಗೆ ಹಿಡಿದವರೆಲ್ಲ ಗಂಡಸರಲ್ಲ :)

365 ಎಂದರೆ ಬೆಳಕಿನ ಹೆಚ್ಚಿನ ಪಾಲು ಎಲ್ಲಿದೆ ಎಂಬ ಅಂಕಿ ಅಷ್ಟೇ. ಎಲ್‌ಇಡಿಯಿಂದ ಅದರ ಜೊತೆಗೆ ಮಂಕು ಬಿಳಿ-ನೀಲಿ ಬೆಳಕೂ ಸೋರುತ್ತದೆ. ಕಪ್ಪು ಗಾಜು ಅದನ್ನು ತಡೆದು ಯುವಿಯನ್ನು ಮಾತ್ರ ಬಿಡುತ್ತದೆ. ಈ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಹಾಕುವ ಗಾಜಿಗೆ ಝಡ್‌ಡಬ್ಲ್ಯೂಬಿ2 ಅನ್ನುತ್ತಾರೆ. ಉಪಾಯ ಹಳೆಯದೇ. 1903ರಲ್ಲೇ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂಥ ಕಪ್ಪು ಗಾಜು ಮಾಡಿದ್ದರು. ಚರ್ಮದ ಡಾಕ್ಟರುಗಳು ಈಗಲೂ ವುಡ್ಸ್ ಲ್ಯಾಂಪ್ ಅನ್ನುತ್ತಾರಲ್ಲ, ಅದು ಅವರ ಹೆಸರೇ.

ಒಂದು ಸುಲಭ ಪರೀಕ್ಷೆ ಇದೆ. ಕತ್ತಲಲ್ಲಿ ಸ್ಟೀಲ್ ಚಮಚದ ಮೇಲೆ ಟಾರ್ಚ್ ಬಿಡಿ. ಸ್ಟೀಲ್ ತಾನಾಗಿ ಹೊಳೆಯುವುದಿಲ್ಲ. ಚಮಚ ಚೆನ್ನಾಗಿ ಕಂಡರೆ ಕಾಣುವ ಬೆಳಕು ಸೋರುತ್ತಿದೆ ಎಂದು ಲೆಕ್ಕ. ಬಿಳಿ ಹಾಳೆಯ ಮೇಲೆ ಪರೀಕ್ಷೆ ಮಾಡಬೇಡಿ, ಹಾಳೆಯೂ ನಿಮ್ಮ ಬನಿಯನ್ ಇದ್ದ ಹಾಗೆಯೇ.

ಮಿಂಚುಹುಳ

ಕ್ಯಾಲ್ಸೈಟ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಾನೂ ಇದೇ ಹಳ್ಳಕ್ಕೆ ಬಿದ್ದವನು. "ಕ್ಯಾಲ್ಸೈಟ್ ಕೆಂಪಗೆ ಹೊಳೆಯುತ್ತದೆ" ಎಂಬ ಮಾತು ಅರ್ಧ ಸತ್ಯ. ಶುದ್ಧ ಕ್ಯಾಲ್ಸೈಟ್‌ಗೆ ಆ ಶಕ್ತಿ ಇಲ್ಲ. ಹೊಳೆಯುವುದು ಅದರೊಳಗೆ ಸೇರಿಕೊಂಡ ಕಲಬೆರಕೆ. ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮ್ಯಾಂಗನೀಸ್ ಕೂತಿರಬೇಕು. ಅದೊಂದೇ ಇದ್ದರೂ ಸಾಲದು, ಏಕೆಂದರೆ ಮ್ಯಾಂಗನೀಸ್‌ಗೆ ಯುವಿಯನ್ನು ಹೀರುವುದು ಅಷ್ಟು ಚೆನ್ನಾಗಿ ಬರುವುದಿಲ್ಲ. ಪಕ್ಕದಲ್ಲಿ ಚೂರು ಸೀಸ ಇದ್ದರೆ ಅದು ಹೀರಿ ಮ್ಯಾಂಗನೀಸ್‌ಗೆ ದಾಟಿಸುತ್ತದೆ. ಆಗ ಉರಿಗೆಂಪು. ಅದೂ 254 ನ್ಯಾನೋಮೀಟರ್‌ನ ಶಾರ್ಟ್‌ವೇವ್, ಅಂದರೆ ಗಿಡ್ಡ ಅಲೆಯ ಯುವಿ ದೀಪದಲ್ಲಿ. ನಿಮ್ಮ ಕೈಯಲ್ಲಿರುವುದು ಲಾಂಗ್‌ವೇವ್, ಉದ್ದ ಅಲೆಯದ್ದು.

ಮಾಣಿಕ್ಯವೂ ಅಷ್ಟೇ. ಅಲ್ಯುಮಿನಿಯಂ ಜಾಗದಲ್ಲಿ ಕ್ರೋಮಿಯಂ ಸೇರಿದ್ದರಿಂದಲೇ ಅದು ಕೆಂಪು, ಯುವಿಯಲ್ಲಿ ಹೊಳೆಯುವುದೂ ಅದರಿಂದಲೇ. ಆದರೆ ಕಬ್ಬಿಣ ಜಾಸ್ತಿ ಇದ್ದರೆ ಹೊಳಪು ಸತ್ತುಹೋಗುತ್ತದೆ. ಮ್ಯಾನ್ಮಾರ್‌ನ ಮೊಗೊಕ್ ಮಾಣಿಕ್ಯಗಳು ಕೆಂಡದ ಹಾಗೆ ಹೊಳೆಯುತ್ತವೆ. ಕಬ್ಬಿಣ ಹೆಚ್ಚಿರುವ ಬಸಾಲ್ಟ್ ಪ್ರದೇಶದ ಮಾಣಿಕ್ಯಗಳು ಮಂಕು. ಖನಿಜ ಒಂದೇ, ಸಹವಾಸ ಬೇರೆ.

ಆದ್ದರಿಂದ ಈ ಹವ್ಯಾಸದಲ್ಲಿ ಕಲ್ಲಿನ ಹೆಸರು ಕೇಳಿದರೆ ಸಾಲದು, ಯಾವ ಗಣಿಯದ್ದು ಎಂದು ಕೇಳಬೇಕು. ಚೀಟಿ ಇಲ್ಲದ ಕಲ್ಲನ್ನು ನಾನು ಕೊಳ್ಳುವುದೇ ಇಲ್ಲ.

ಸುಣ್ಣದಕಲ್ಲು

ಮಿಂಚುಹುಳ ಅವರ ಮಾತಿಗೆ ಫ್ರಾಂಕ್ಲಿನ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್ ಮತ್ತು ಪಕ್ಕದ ಸ್ಟರ್ಲಿಂಗ್ ಹಿಲ್, ಇವೆರಡೂ ಸತುವಿನ ಗಣಿಗಳು. ಒಂದೇ ಅದಿರಿನ ತುಂಡಿನಲ್ಲಿ ವಿಲ್ಲೆಮೈಟ್ ಹಸಿರು, ಕ್ಯಾಲ್ಸೈಟ್ ಕೆಂಪು, ನಡುವೆ ಸ್ವಲ್ಪವೂ ಹೊಳೆಯದ ಕಪ್ಪು ಫ್ರಾಂಕ್ಲಿನೈಟ್ ಕಾಳುಗಳು. ಅದೃಷ್ಟ ಇದ್ದರೆ ಎಸ್ಪೆರೈಟ್‌ನ ನಿಂಬೆ ಹಳದಿಯೂ ಹಾರ್ಡಿಸ್ಟೊನೈಟ್‌ನ ನೇರಳೆ-ನೀಲಿಯೂ ಸಿಗುತ್ತವೆ. ಹಗಲಲ್ಲಿ ನೋಡಿದರೆ ರಸ್ತೆ ಬದಿಯ ಜಲ್ಲಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಲ್ಲಿ 350ಕ್ಕೂ ಹೆಚ್ಚು ಬಗೆಯ ಖನಿಜಗಳು ಸಿಕ್ಕಿವೆ.

ತಮಾಷೆ ಗೊತ್ತಾ? ವಿಲ್ಲೆಮೈಟ್ ಹಸಿರಾಗುವುದಕ್ಕೂ ಮ್ಯಾಂಗನೀಸೇ ಕಾರಣ, ಕ್ಯಾಲ್ಸೈಟ್ ಕೆಂಪಾಗುವುದಕ್ಕೂ ಮ್ಯಾಂಗನೀಸೇ ಕಾರಣ. ಸುತ್ತ ಕೂತ ಅಣುಗಳ ಜೋಡಣೆ ಬೇರೆ, ಹಾಗಾಗಿ ಬಣ್ಣ ಬೇರೆ.

ಅಲ್ಲಿನ ಜನ ಇದನ್ನು ಚಂದಕ್ಕೆ ಮಾತ್ರ ನೋಡಿದವರಲ್ಲ. ಅದಿರು ಬೇರ್ಪಡಿಸುವಾಗ ಕಬ್ಬಿಣದ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಅದರ ಯುವಿ ಬೆಳಕಲ್ಲಿ ವಿಲ್ಲೆಮೈಟ್ ತಪ್ಪಿಹೋಗಿದೆಯೇ ಎಂದು ನೋಡುತ್ತಿದ್ದರು. ಫ್ರಾಂಕ್ಲಿನ್ ಗಣಿ 1954ರಲ್ಲಿ, ಸ್ಟರ್ಲಿಂಗ್ ಹಿಲ್ 1986ರಲ್ಲಿ ಮುಚ್ಚಿದವು. ಎರಡನೆಯದು ಈಗ ವಸ್ತುಸಂಗ್ರಹಾಲಯ.

ನನ್ನ ಅಭಿಪ್ರಾಯ: ಶಾರ್ಟ್‌ವೇವ್ ಇಲ್ಲದೆ ಈ ಹವ್ಯಾಸ ಅರ್ಧ ಹವ್ಯಾಸ.

ಹೊಸಬ

ಹಾಗಾದರೆ ಶಾರ್ಟ್‌ವೇವೇ ತೆಗೆದುಕೊಂಡರೆ ಹೇಗೆ? ನೀರು ಶುದ್ಧ ಮಾಡುವ ಯಂತ್ರದಲ್ಲಿ ಕೀಟಾಣು ಕೊಲ್ಲುವ ಯುವಿ ಟ್ಯೂಬ್ ಇರುತ್ತದಲ್ಲ, ಅದೂ 254 ಅಂತೆ. ಒಂದು ಟ್ಯೂಬ್ ತಂದು ಹೋಲ್ಡರ್‌ಗೆ ಹಾಕಿ ಉರಿಸಿದರೆ ಆಯ್ತಲ್ಲ?

ಕತ್ತಲೆಕೋಣೆ

ದಯವಿಟ್ಟು ಬೇಡ. ಕೈ ಮುಗಿದು ಹೇಳುತ್ತಿದ್ದೇನೆ.

ನಾನು ಹಾಗೇ ಮಾಡಿದ್ದೆ. ತೆರೆದ ಟ್ಯೂಬು, ಮೇಜಿನ ಮೇಲೆ ಕಲ್ಲುಗಳು, ಅರ್ಧ ಗಂಟೆ ಬಗ್ಗಿ ನೋಡಿದೆ. ಆಗ ಏನೂ ಆಗಲಿಲ್ಲ. ಅದೇ ಅದರ ಮೋಸ. ಊಟ ಮಾಡಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಎರಡೂ ಕಣ್ಣಿಗೆ ಯಾರೋ ಮುಷ್ಟಿ ಮರಳು ತುಂಬಿದ ಹಾಗಿತ್ತು. ರೆಪ್ಪೆ ಮುಚ್ಚಿದರೂ ಉರಿ, ತೆರೆದರೂ ಉರಿ, ನೀರು ನಿಲ್ಲುತ್ತಿಲ್ಲ. ವೆಲ್ಡಿಂಗ್ ಮಾಡುವವರಿಗೆ ಆಗುತ್ತದಲ್ಲ, ಅದೇ. ಕಣ್ಣಿನ ಮೇಲ್ಪದರ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸುಟ್ಟಿರುತ್ತದೆ. ಆರೇಳು ಗಂಟೆ ಕಳೆದ ಮೇಲೆ ಗೊತ್ತಾಗುತ್ತದೆ. ಡಾಕ್ಟರ್ ಹತ್ತಿರ ಬೈಸಿಕೊಂಡು ಎರಡು ದಿನ ಕತ್ತಲಲ್ಲಿ ಮಲಗಿದ್ದೆ. ಮುಂಗೈ ಬೇರೆ ಕೆಂಪಾಗಿ ಸಿಪ್ಪೆ ಎದ್ದಿತ್ತು. ಈ ಹೆಸರು ಇಟ್ಟುಕೊಂಡಿದ್ದೇ ಆಮೇಲೆ.

ಇಷ್ಟೆಲ್ಲ ಪಟ್ಟರೂ ಕಲ್ಲು ಸರಿಯಾಗಿ ಕಾಣಲೂ ಇಲ್ಲ! ಆ ಟ್ಯೂಬಿನಿಂದ ಕಾಣುವ ನೀಲಿ ಬೆಳಕು ಧಾರಾಳವಾಗಿ ಬರುತ್ತದೆ, ಫಿಲ್ಟರ್ ಇಲ್ಲದೆ ಮತ್ತೆ ನಿಮ್ಮ 395ರ ಕಥೆಯೇ. ಟ್ಯೂಬಿನೊಳಗೆ ಪಾದರಸವೂ ಇರುತ್ತದೆ, ಒಡೆದರೆ ಇನ್ನೊಂದು ರಗಳೆ.

ಖನಿಜ ನೋಡಲೆಂದೇ ಮಾಡಿದ, ಪೆಟ್ಟಿಗೆಯಲ್ಲಿ ಮುಚ್ಚಿದ, ಫಿಲ್ಟರ್ ಇರುವ ಶಾರ್ಟ್‌ವೇವ್ ದೀಪ ತೆಗೆದುಕೊಳ್ಳಿ. ಪಾಲಿಕಾರ್ಬೋನೇಟ್ ಕನ್ನಡಕ, ತುಂಬು ತೋಳಿನ ಕಪ್ಪು ಅಂಗಿ, ಕೈಗವಸು ಹಾಕಿಕೊಳ್ಳಿ. ಅಂಗಿ ಕಪ್ಪಗೇ ಇರಲಿ, ಬಿಳಿ ಅಂಗಿ ಇಡೀ ಕೋಣೆಯನ್ನು ಬೆಳಗಿಸುತ್ತದೆ. ಮಕ್ಕಳು ನೋಡಲು ಬಂದರೆ ಕಲ್ಲು ಮತ್ತು ದೀಪವನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ತೋರಿಸಿ. ಮಾಮೂಲಿ ಕಿಟಕಿ ಗಾಜು 254ನ್ನು ಪೂರ್ತಿ ತಡೆಯುತ್ತದೆ, ಬಣ್ಣ ಮಾತ್ರ ಹೊರಗೆ ಕಾಣುತ್ತದೆ.

ಗುಂಡುಕಲ್ಲು

ಗಾಜಿನ ಮಾತು ಬಂತಲ್ಲ, ಅದರಿಂದ ಇನ್ನೊಂದು ಉಪಯೋಗ. ಶಾರ್ಟ್‌ವೇವ್ ಎಂದು ಮಾರುವ ಕೆಲವು ಕೈದೀಪಗಳಲ್ಲಿ ಬರೀ ನೀಲಿ ಎಲ್‌ಇಡಿ ಇರುತ್ತದೆ. ನನಗೂ ಒಂದು ಹಾಗೆ ಬಂದಿತ್ತು. ವಿಲ್ಲೆಮೈಟ್ ಅಥವಾ ಶೀಲೈಟ್ ಮೇಲೆ ದೀಪ ಬಿಟ್ಟು ನಡುವೆ ಗಾಜಿನ ಹಾಳೆ ಹಿಡಿಯಿರಿ. ಶೀಲೈಟ್ ತಕ್ಷಣ ಕಪ್ಪಾದರೆ ದೀಪ ಅಸಲಿ. ವಿಲ್ಲೆಮೈಟ್ ಆದರೆ ಪೂರ್ತಿ ಆರದೆ ಮಂಕಾಗಬಹುದು, ಕೆಲವು ತುಂಡುಗಳಿಗೆ ದೀಪ ಹೋದ ಮೇಲೂ ಹೊಳೆಯುವ ಚಾಳಿ.

ಮಿಂಚುಹುಳ

ಸುಣ್ಣದಕಲ್ಲು ಅವರೇ, "ಅರ್ಧ ಹವ್ಯಾಸ" ಎಂಬ ಮಾತು ನಾನು ಒಪ್ಪುವುದಿಲ್ಲ. ಹೊಸಬರನ್ನು ಮೊದಲ ದಿನವೇ ಶಾರ್ಟ್‌ವೇವ್‌ಗೆ ತಳ್ಳಿದರೆ ಮೇಲಿನ ಕಣ್ಣಿನ ಕಥೆ ಮರುಕಳಿಸುತ್ತದೆ, ಅಲ್ವಾ? 365ರಲ್ಲೇ ನೋಡುವುದಕ್ಕೆ ಎಷ್ಟಿಲ್ಲ! ಮಾಣಿಕ್ಯ ಇದೆ. ಯುರೋಪಿಯಂ ಇರುವ ಫ್ಲೋರೈಟ್‌ನ ನೀಲಿ ಇದೆ. ಇಂಗ್ಲೆಂಡಿನ ವೇರ್‌ಡೇಲ್‌ನ ಹಸಿರು ಫ್ಲೋರೈಟ್‌ಗಂತೂ ದೀಪವೇ ಬೇಡ, ನೆರಳಿನಿಂದ ಬಿಸಿಲಿಗೆ ತಂದರೆ ನೀಲಿಗೆ ತಿರುಗುತ್ತದೆ, ಬಿಸಿಲಿನ ಯುವಿ ಅದಕ್ಕೆ ಸಾಕು. ಕೆನಡಾದ ಕ್ವೆಬೆಕ್‌ನ ಸ್ಕಾಪೊಲೈಟ್ ಹಳದಿ. ಇನ್ನು ಸೋಡಲೈಟ್ ಬಗ್ಗೆ ಹೇಳದೆ ಇರಲಾರೆ.

ಮಿಷಿಗನ್‌ನಲ್ಲಿ ಸುಪೀರಿಯರ್ ಸರೋವರದ ದಡದ ಬೂದು ಕಲ್ಲುಗಳ ಮೇಲೆ 2017ರಲ್ಲಿ ಒಬ್ಬರು ರಾತ್ರಿ ಯುವಿ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಬೆಂಕಿ ಹೊತ್ತಿಕೊಂಡ ಹಾಗೆ ಕಿತ್ತಳೆ ಗೆರೆಗಳು! ಯೂಪರ್‌ಲೈಟ್ ಎಂಬ ಹೆಸರಿಟ್ಟು ಪ್ರಪಂಚವೆಲ್ಲ ಸುದ್ದಿಯಾಯಿತು. ಅದು ಹೊಸ ಖನಿಜವೇನಲ್ಲ, ಸೋಡಲೈಟ್ ಸೇರಿಕೊಂಡ ಸಯನೈಟ್ ಶಿಲೆ. ಹಿಮನದಿಗಳು ಉತ್ತರದಿಂದ ಉರುಳಿಸಿ ತಂದು ಹಾಕಿದ್ದು. ಸಾವಿರಾರು ವರ್ಷ ಜನ ಅದನ್ನು ತುಳಿದುಕೊಂಡೇ ಓಡಾಡಿದ್ದಾರೆ. ಅದಕ್ಕೆ ಬೇಕಾಗಿದ್ದು 365 ಮಾತ್ರ.

ಸುಣ್ಣದಕಲ್ಲು

ಸರಿ, ಮಾತು ಸ್ವಲ್ಪ ಜೋರಾಯಿತು, ವಾಪಸ್ ತಗೊಂಡೆ. ಆದರೂ ಶೀಲೈಟ್‌ನ ನೀಲಿ-ಬಿಳಿ ನೋಡದೆ ಯಾರೂ ಸುಮ್ಮನಾಗಬೇಡಿ. ಅದು ಟಂಗ್‌ಸ್ಟನ್ ಅದಿರು, ಶಾರ್ಟ್‌ವೇವ್‌ನಲ್ಲಿ ಮಾತ್ರ ಚೆನ್ನಾಗಿ ಹೊಳೆಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಟಂಗ್‌ಸ್ಟನ್‌ಗೆ ಬೇಡಿಕೆ ಬಂದಾಗ ರಾತ್ರಿ ಹೊತ್ತು ದೀಪ ಹಿಡಿದು ಬೆಟ್ಟ ಸುತ್ತಿ ಇದನ್ನು ಹುಡುಕಿದ್ದಾರೆ. ಬಣ್ಣ ಹಳದಿಗೆ ತಿರುಗಿದ್ದರೆ ಮಾಲಿಬ್ಡಿನಂ ಸೇರಿದೆ ಎಂದೂ ಅಲ್ಲೇ ಗೊತ್ತಾಗುತ್ತಿತ್ತು.

ಹ್ಯಾಕ್‌ಮನೈಟ್ ಎಂಬ ಸೋಡಲೈಟ್ ಇದೆ. ಶಾರ್ಟ್‌ವೇವ್ ಕೆಳಗೆ ಸ್ವಲ್ಪ ಹೊತ್ತು ಇಟ್ಟು ಮಾಮೂಲಿ ದೀಪ ಹಾಕಿದರೆ ಬೆಳ್ಳಗಿದ್ದ ಕಲ್ಲು ಗುಲಾಬಿ ಅಥವಾ ನೇರಳೆ ಆಗಿರುತ್ತದೆ. ಬೆಳಕಲ್ಲಿ ಇಟ್ಟರೆ ಮತ್ತೆ ಬಿಳಿ. ನೂರು ಸಲ ಮಾಡಿದರೂ ಬೇಜಾರಾಗದ ಆಟ. ಗ್ರೀನ್‌ಲ್ಯಾಂಡಿನ ಟಗ್ಟುಪೈಟ್‌ಗೂ ಈ ಗುಣ ಇದೆ.

ಗುಂಡುಕಲ್ಲು

ಹಸಿರು ಹೊಳಪಿನ ಆಟುನೈಟ್ ಬಗ್ಗೆ ಯಾರೂ ಹೇಳಲಿಲ್ಲ? ಅದರಷ್ಟು ಚಂದ ಇನ್ನೊಂದಿಲ್ಲ. ಯುರೇನಿಯಂ ಅಂತ ಹೆದರುವುದು ಜಾಸ್ತಿ ಆಯ್ತು.

ಕತ್ತಲೆಕೋಣೆ

ಹೆದರಬೇಡಿ, ಆದರೆ ಸಲುಗೆಯೂ ಬೇಡ. ಆಟುನೈಟ್ ಹಪ್ಪಳದ ಹಾಗೆ ಪದರ ಪದರ. ನೀರಿನಂಶ ಕಳೆದುಕೊಂಡು ಪುಡಿಯಾಗುತ್ತದೆ. ಆ ಪುಡಿ ಉಸಿರಿಗೆ, ಬಾಯಿಗೆ ಹೋಗಬಾರದು. ರೇಡಾನ್ ಅನಿಲವೂ ಬರುತ್ತದೆ. ಮುಚ್ಚಿದ ಡಬ್ಬಿ, ಗಾಳಿಯಾಡುವ ಜಾಗ, ಮುಟ್ಟಿದ ಮೇಲೆ ಕೈ ತೊಳೆಯುವುದು, ಮಲಗುವ ಕೋಣೆಯಲ್ಲಿ ಇಡದಿರುವುದು. ಇಷ್ಟಾದರೂ ಮಾಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಾನಂತೂ ತರುವುದಿಲ್ಲ. ಅದೇ ಹಸಿರು ಬೇಕೆಂದರೆ ಹಯಲೈಟ್ ಓಪಲ್ ಇದೆ, ಅದರಲ್ಲಿ ಯುರೇನಿಯಂ ತೀರಾ ಕಡಿಮೆ.

ಒಂದು ತಪ್ಪು ತಿಳಿವಳಿಕೆ ತುಂಬಾ ಜನಕ್ಕಿದೆ: ವಿಕಿರಣದಿಂದ ಕಲ್ಲು ಹೊಳೆಯುತ್ತದೆ ಅಂತ. ಹಾಗಲ್ಲ. ಯುರೇನಿಯಂ ಮತ್ತು ಆಮ್ಲಜನಕ ಸೇರಿದ ಯುರಾನಿಲ್ ಎಂಬ ಗುಂಪು ಯುವಿ ಹೀರಿ ಹಸಿರು ಬಿಡುತ್ತದೆ. ಆಟುನೈಟ್‌ಗಿಂತ ಹೆಚ್ಚು ವಿಕಿರಣ ಇರುವ ಯುರೇನಿನೈಟ್ ಯುವಿಯಲ್ಲಿ ಕಪ್ಪಗೆ ಸುಮ್ಮನಿರುತ್ತದೆ. ಹೊಳಪು ನೋಡಿ ಅಪಾಯ ಅಳೆಯಬೇಡಿ.

ಹೊಸಬ

ಎಲ್ಲರಿಗೂ ಧನ್ಯವಾದ. ಫಿಲ್ಟರ್ ಇರುವ 365 ಟಾರ್ಚ್ ತರಿಸುತ್ತಿದ್ದೇನೆ. ಬರುವಷ್ಟರಲ್ಲಿ ಕಲ್ಲುಗಳನ್ನು ತೊಳೆದಿಡೋಣ ಅಂದುಕೊಂಡೆ. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಒಳ್ಳೆಯದಂತೆ?

ಸುತ್ತಿಗೆ

ಬೆಣಚುಕಲ್ಲಿಗೆ ಒಳ್ಳೆಯದು. ಕ್ಯಾಲ್ಸೈಟ್‌ಗೆ ಹಾಕಿದರೆ ಮುಗಿಯಿತು ಕಥೆ. ಮೇಲ್ಮೈಯನ್ನು ತಿಂದು ಬಿಳಿ ಪದರ ಕೂರಿಸುತ್ತದೆ. ಸದ್ಯ ಬರೀ ನೀರು ಮತ್ತು ಮೆದು ಬ್ರಷ್. ಕಲ್ಲುಪ್ಪಿನ ಹರಳಿದ್ದರೆ ಅದೂ ಬೇಡ, ಕರಗಿಹೋಗುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ. ಅದರ ನೂಲೆಳೆಗಳು ಕಲ್ಲಿಗೆ ಅಂಟಿಕೊಂಡು ಯುವಿಯಲ್ಲಿ ನೀಲಿ ಹುಳುಗಳ ಹಾಗೆ ಕಾಣುತ್ತವೆ. ನನ್ನ ಮೊದಲ ವರ್ಷದ ಫೋಟೊಗಳ ತುಂಬ ಆ ಹುಳುಗಳೇ.

ಹೊಸಬ

ಟಾರ್ಚ್ ಬಂತು!! ನಿನ್ನೆ ರಾತ್ರಿ ನಿದ್ದೆ ಮಾಡಿಲ್ಲ.

ಮೊದಲು ಚಮಚ ಪರೀಕ್ಷೆ, ಚಮಚ ಕಾಣಲೇ ಇಲ್ಲ. ಆಮೇಲೆ ಡಬ್ಬಗಳು. ಮುಕ್ಕಾಲು ಪಾಲು ಕಲ್ಲು ಕಪ್ಪಗೇ ಇದ್ದವು. ಆದರೆ (1) ಹಿತ್ತಿಲಿನ ಕಲ್ಲೊಂದು ರಕ್ತಗೆಂಪಾಗಿ ಹೊಳೆಯುತ್ತಿದೆ, ಒಂದು ಪಕ್ಕ ಪೂರ್ತಿ. ಮಾಣಿಕ್ಯವೇ? (2) ಬೆಣಚುಕಲ್ಲಿನಂಥ ಒಂದು ತುಂಡಿನಲ್ಲಿ ಹಸಿರು ಪಟ್ಟೆಗಳು. (3) ಕ್ಯಾಲ್ಸೈಟ್ ಹಾಲಿನ ಕೆನೆ ಬಣ್ಣಕ್ಕೆ ಹೊಳೆಯಿತು, ಮತ್ತು ಅದರ ಅಡ್ಡಕ್ಕೆ ಒಂದು ತೆಳ್ಳಗಿನ ನೀಲಿ ಗೆರೆ, ಮಿಂಚಿನ ಹಾಗೆ! ಒಳಗೆ ಬೇರೆ ಖನಿಜದ ಎಳೆ ಇದೆ ಅನಿಸುತ್ತದೆ. ಫೋನಿನಲ್ಲಿ ಫೋಟೊ ತೆಗೆದರೆ ಎಲ್ಲ ನೀಲಿ ಮಸುಕು.

ಗುಂಡುಕಲ್ಲು

ಹಿತ್ತಿಲಲ್ಲಿ ಮಾಣಿಕ್ಯ! ವಿಳಾಸ ಹಾಕಿ, ಗುದ್ದಲಿ ತರುತ್ತೇವೆ.

ಸುತ್ತಿಗೆ

ನಗಬೇಡಿ, ಎಲ್ಲರೂ ಒಂದು ಸಲ ಮಾಡುವ ತಪ್ಪೇ ಇದು. ಆ ಕೆಂಪು ಬದಿಯನ್ನು ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ ನೋಡಿ. ಕೆಂಪು ಹೋದರೆ ಅದು ಪಾಚಿ. ಎಲೆ ಹಸಿರಿನ ಪತ್ರಹರಿತ್ತು ಯುವಿಯಲ್ಲಿ ಕೆಂಪಗೆ ಹೊಳೆಯುತ್ತದೆ.

ಹಸಿರು ಪಟ್ಟೆ ಒಳ್ಳೆಯ ಸುದ್ದಿ. ಬಹುಶಃ ಕ್ಯಾಲ್ಸೆಡನಿ, ಯುರಾನಿಲ್‌ನ ಲವಲೇಶ ಇದ್ದರೆ ಹಾಗೆ ಹೊಳೆಯುತ್ತದೆ. ಇಟ್ಟುಕೊಳ್ಳಿ, ಇಷ್ಟಕ್ಕೆ ಏನೂ ಆಗುವುದಿಲ್ಲ.

ಫೋಟೊಗೆ: ಫೋನನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ, ಕೈಯಲ್ಲಿ ಹಿಡಿಯಬೇಡಿ. ಮ್ಯಾನುವಲ್ ಮೋಡ್‌ನಲ್ಲಿ ಐಎಸ್‌ಒ 100 ಅಥವಾ 200, ಎರಡು ಮೂರು ಸೆಕೆಂಡು ಎಕ್ಸ್‌ಪೋಶರ್. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ. ಲೆನ್ಸಿನ ಮುಂದೆ ಯುವಿ ತಡೆಯುವ ಫಿಲ್ಟರ್ ಅಥವಾ ನಿಮ್ಮ ಸುರಕ್ಷತಾ ಕನ್ನಡಕವನ್ನೇ ಹಿಡಿದರೆ ಆ ನೀಲಿ ಮಸುಕು ಎಷ್ಟೋ ಕಡಿಮೆಯಾಗುತ್ತದೆ. ನಿಮ್ಮ ಕಣ್ಣಿಗೂ ಅದೇ ಲೆಕ್ಕ. ಯುವಿ ಬಿದ್ದರೆ ಕಣ್ಣಿನ ಮಸೂರವೇ ಸ್ವಲ್ಪ ಹೊಳೆದು ಮಂಜು ಕವಿದಂತೆ ಕಾಣುತ್ತದೆ. ಕನ್ನಡಕ ಹಾಕಿ ನೋಡಿ, ಬಣ್ಣ ಒಮ್ಮೆಲೇ ತಿಳಿಯಾಗುತ್ತದೆ.

ಮಿಂಚುಹುಳ

ಮೂರನೆಯದರ ಬಗ್ಗೆ ಒಂದು ಪ್ರಶ್ನೆ. ಆ ನೀಲಿ ಗೆರೆ ಹರಳಿನ ಈ ಬದಿಯಿಂದ ಆ ಬದಿಗೆ ಪೂರ್ತಿ ಹೋಗಿದೆಯೇ? ಅಂಚಿನಲ್ಲಿ ಸಣ್ಣ ಗುಳ್ಳೆಗಳಿವೆಯೇ? ಮುರಿದ ಹರಳನ್ನು ಅಂಟಿಸಿ ಇಡಿಯದ್ದೆಂದು ಮಾರುವವರಿದ್ದಾರೆ. ಅಂಟು ಯುವಿಯಲ್ಲಿ ನೀಲಿ-ಬಿಳಿಯಾಗಿ ಹೊಳೆದು ಸಿಕ್ಕಿಬೀಳುತ್ತದೆ. ಯಾರ ಹತ್ತಿರ ಕೊಂಡಿರಿ? ಕೇಳಬೇಕು ಅವರನ್ನು.

ಹೊಸಬ

ಕಲ್ಲು ಉಜ್ಜಿದೆ. ಮಾಣಿಕ್ಯ ಬ್ರಷ್ಷಿಗೆ ಬಂತು.

ಗೆರೆ ಪೂರ್ತಿ ಹೋಗಿದೆ, ಗುಳ್ಳೆಗಳೂ ಇವೆ. ಮಾರಿದವರಿಗೆ ಬೈದು ಒಂದು ಉದ್ದ ಪತ್ರ ಬರೆಯಲು ಕೂತಿದ್ದೆ. ಅಮ್ಮ ಹಿಂದಿನಿಂದ ಇಣುಕಿ ನೋಡಿ, "ಇದು ನೀನು ಏಳನೇ ಕ್ಲಾಸಿನಲ್ಲಿ ಬೀಳಿಸಿ ಎರಡು ಹೋಳು ಮಾಡಿ, ಅತ್ತು, ಆಮೇಲೆ ನೀನೇ ಅಂಟಿಸಿದ್ದಲ್ವೇನೋ" ಅಂದರು. ನನಗೆ ಪೂರ್ತಿ ಮರೆತೇಹೋಗಿತ್ತು.

ಸುಣ್ಣದಕಲ್ಲು

ಹಹ್ಹಾ! ಪತ್ರ ಕಳಿಸಿಲ್ಲ ತಾನೇ?

ಆ ಹರಳಿಗೆ ಇನ್ನೊಂದು ಪರೀಕ್ಷೆ ಮಾಡಿ. ಹತ್ತು ನಿಮಿಷ ಕತ್ತಲಲ್ಲಿ ಕೂತು ಕಣ್ಣು ಹೊಂದಿಸಿಕೊಳ್ಳಿ. ಕಣ್ಣು ಮುಚ್ಚಿಕೊಂಡು ಅರ್ಧ ನಿಮಿಷ ಕ್ಯಾಲ್ಸೈಟ್ ಮೇಲೆ ಟಾರ್ಚ್ ಬಿಡಿ. ಟಾರ್ಚ್ ಆರಿಸಿದ ಮರುಕ್ಷಣ ಕಣ್ಣು ತೆರೆಯಿರಿ. ಕೆಲವು ಕ್ಯಾಲ್ಸೈಟ್‌ಗಳು ದೀಪ ಹೋದ ಮೇಲೂ ಹೊಳೆಯುತ್ತಿರುತ್ತವೆ. ಟೆಕ್ಸಾಸ್‌ನ ಟರ್ಲಿಂಗ್ವಾ ಕ್ಯಾಲ್ಸೈಟ್ ಇದಕ್ಕೇ ಹೆಸರುವಾಸಿ, ಶಾರ್ಟ್‌ವೇವ್‌ನಲ್ಲಿ ನೀಲಿ, ಲಾಂಗ್‌ವೇವ್‌ನಲ್ಲಿ ಗುಲಾಬಿ.

ಹೊಸಬ

ಮಾಡಿದೆ. ಹರಳು ಎರಡು ಮೂರು ಸೆಕೆಂಡು ಮಂಕಾಗಿ ಉಳಿದು ಆರಿತು. ಅಂಟಿನ ಗೆರೆ ಮಾತ್ರ ತಕ್ಷಣ ಮಾಯ. ಅಮ್ಮನಿಗೂ ತೋರಿಸಿದೆ. ಈಗ ಟಾರ್ಚ್ ಅವರ ಕೈಯಲ್ಲಿದೆ, ಅಟ್ಟದ ಮೇಲಿನ ನನ್ನ ನಾಲ್ಕನೇ ಡಬ್ಬ ಹುಡುಕುತ್ತಿದ್ದಾರೆ. ನಾಲ್ಕನೆಯದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.